10ರ ಜಾಗಕ್ಕೆ 30 ಹಾಕಿಸಿಕೊಳ್ಳಬೇಡಿ: ನನ್ನ ಕಾರಿನ ವೈರಿಂಗ್ ಬೆಂದ ಕಥೆ

ಕಾರಿನ ಫ್ಯೂಸ್ ಪದೇ ಪದೇ ಹೋಗುತ್ತಿದೆ, ಅದಕ್ಕೇ ಸ್ವಲ್ಪ ದೊಡ್ಡದು ಹಾಕಿಕೊಡುತ್ತೇನೆ ಅಂತ ಯಾರಾದರೂ ಅಂದರೆ, ಕೀ ಇಸ್ಕೊಂಡು ಅಲ್ಲಿಂದ ಹೊರಡಿ. ನಾನು ಹೊರಡಲಿಲ್ಲ. 100 ರೂಪಾಯಿ ಕೊಟ್ಟು, ಥ್ಯಾಂಕ್ಸ್ ಬೇರೆ ಹೇಳಿ ಬಂದೆ.

ನಮ್ಮದು ಎಂಟು ವರ್ಷದ ಹಳೇ ಹ್ಯಾಚ್‌ಬ್ಯಾಕ್. ಕಳೆದ ಜುಲೈನಲ್ಲಿ ಒಂದು ಸಂಜೆ ಮೈಸೂರಿನ ರಿಂಗ್ ರೋಡಿನಲ್ಲಿ ಬರುವಾಗ ಡ್ಯಾಶ್‌ಬೋರ್ಡಿನ ಬೆಳಕು ಪಟ್ಟಂತ ಹೋಯಿತು. ಹೆಡ್‌ಲೈಟ್ ಉರಿಯುತ್ತಿತ್ತು, ಹಾಗಾಗಿ ತಲೆ ಕೆಡಿಸಿಕೊಳ್ಳಲಿಲ್ಲ. ಒಬ್ಬ ಬೈಕಿನವನು ಪಕ್ಕಕ್ಕೆ ಬಂದು, "ಸಾರ್, ಹಿಂದೆ ಒಂದು ಲೈಟೂ ಇಲ್ಲ, ಗುದ್ದಿಸ್ಕೋತೀರ" ಅಂದಾಗಲೇ ಗೊತ್ತಾಗಿದ್ದು. ಎಷ್ಟೋ ಕಾರುಗಳಲ್ಲಿ ಟೇಲ್ ಲೈಟು, ನಂಬರ್ ಪ್ಲೇಟ್ ಲೈಟು, ಡ್ಯಾಶ್‌ಬೋರ್ಡಿನ ಬೆಳಕು ಎಲ್ಲಕ್ಕೂ ಒಂದೇ ಫ್ಯೂಸ್. ಮೀಟರ್ ಕತ್ತಲಾದರೆ ಒಮ್ಮೆ ಇಳಿದು ಹಿಂಬದಿ ನೋಡಿ.

ಮರುದಿನ ಒಂದು ಕಾರ್ ಆಕ್ಸೆಸರೀಸ್ ಅಂಗಡಿಗೆ ಹೋದೆ. ಆರು ತಿಂಗಳ ಹಿಂದೆ ರಿವರ್ಸ್ ಕ್ಯಾಮೆರಾ ಹಾಕಿಸಿದ್ದೂ ಅಲ್ಲೇ. ಹುಡುಗ ಸ್ಟೇರಿಂಗ್ ಕೆಳಗೆ, ನನ್ನ ಬಲ ಮೊಣಕಾಲು ತಾಗುವ ಜಾಗದಲ್ಲಿ, ಒಂದು ಮುಚ್ಚಳ ಎಳೆದ. ಎಂಟು ವರ್ಷ ಓಡಿಸಿದ್ದೇನೆ, ಅಲ್ಲೊಂದು ಫ್ಯೂಸ್ ಬಾಕ್ಸ್ ಇದೆ ಅಂತಲೇ ನನಗೆ ಗೊತ್ತಿರಲಿಲ್ಲ. ಬಾನೆಟ್ ಒಳಗೆ ಬ್ಯಾಟರಿ ಪಕ್ಕ ಇನ್ನೊಂದಿದೆ ಅನ್ನುವುದೂ ಆಮೇಲೆ ತಿಳಿಯಿತು. ಓನರ್ಸ್ ಮ್ಯಾನ್ಯುಯಲ್ ಪ್ಲಾಸ್ಟಿಕ್ ಕವರ್ ಕೂಡ ತೆಗೆಯದೆ ಗ್ಲವ್ ಬಾಕ್ಸಿನಲ್ಲಿತ್ತು.

ಅವನು ಹೊಸ 10 ಆಂಪಿಯರ್ ಫ್ಯೂಸ್ ಹಾಕಿದ. ಲೈಟ್ ಬಂತು. ಹಿಂದೆ ಹೋಗಿ ಡಿಕ್ಕಿ ತೆಗೆದು ಬಲ್ಬ್ ನೋಡಿ, ಡಿಕ್ಕಿ ಮುಚ್ಚಿದ. ಲೈಟ್ ಹೋಯಿತು. ಇನ್ನೊಂದು ಹಾಕಿದ, ಅದೂ ಹಾಗೇ ಹೋಯಿತು. ಈಗ ಯೋಚಿಸಿದರೆ ಉತ್ತರ ನಮ್ಮಿಬ್ಬರ ಕಣ್ಣ ಮುಂದೆಯೇ ಇತ್ತು. ಅವನು ನೋಡಲಿಲ್ಲ, ನಾನೂ ನೋಡಲಿಲ್ಲ. "ಸಾರ್, ಚಿಕ್ಕದು ತಡೀತಿಲ್ಲ. ದೊಡ್ಡದು ಹಾಕ್ತೀನಿ, ಕಾರು ಇರೋವರೆಗೂ ಹೋಗಲ್ಲ" ಅಂದ. ಕೆಂಪು ಫ್ಯೂಸಿನ ಜಾಗಕ್ಕೆ ಹಸಿರು ಫ್ಯೂಸ್ ಬಂತು.

ಈ ಬಣ್ಣಗಳು ಅಂದಕ್ಕಲ್ಲ. ಬ್ಲೇಡ್ ಫ್ಯೂಸಿನಲ್ಲಿ ಕೆಂಪು ಅಂದರೆ 10 ಆಂಪಿಯರ್, ನೀಲಿ 15, ಹಳದಿ 20, ಹಸಿರು 30. ಫ್ಯೂಸ್ ಇರುವುದು ಬಲ್ಬ್ ಕಾಯುವುದಕ್ಕೂ ಅಲ್ಲ, ವೈರ್ ಕಾಯುವುದಕ್ಕೆ. 10 ಆಂಪಿಯರ್‌ಗೆ ಅಂತ ಎಳೆದ ಸಣ್ಣ ವೈರಿಗೆ 30ರ ಫ್ಯೂಸ್ ಕೂರಿಸಿದರೆ, ಫ್ಯೂಸ್ ಕರಗುವ ಮೊದಲೇ ವೈರ್ ಬೇಯುತ್ತದೆ. ಇದೆಲ್ಲ ನನಗೆ ಅವತ್ತು ಗೊತ್ತಿದ್ದರೆ ಈ ಬರಹವೇ ಇರುತ್ತಿರಲಿಲ್ಲ ಬಿಡಿ.

ಎರಡು ದಿನ ಬಿಟ್ಟು ಸುಳ್ಯಕ್ಕೆ ಹೊರಟೆವು, ಹೆಂಡತಿಯ ತವರಿಗೆ. ಮಡಿಕೇರಿವರೆಗೂ ಲೈಟ್ ಹಾಕುವ ಪ್ರಶ್ನೆ ಬರಲಿಲ್ಲ. ಅಲ್ಲಿಂದ ಸಂಪಾಜೆ ಕಡೆ ಘಾಟಿ ಇಳಿಯುವಾಗ ಮಂಜು, ಮಳೆ, ಕತ್ತಲೆ ಎಲ್ಲ ಒಟ್ಟಿಗೆ ಬಂದವು. ಲೈಟ್ ಹಾಕಿದೆ. ಹತ್ತು ನಿಮಿಷ ಆಗಿರಬೇಕು, "ರೀ, ಏನೋ ಸುಟ್ಟ ವಾಸನೆ ಬರ್ತಿದೆ ಅಲ್ವಾ?" ಅಂದಳು. ಬ್ರೇಕ್ ಇರಬಹುದು, ಇಳಿಜಾರಲ್ವಾ ಅಂದೆ. ಮುಂದಿನ ತಿರುವಿನಲ್ಲಿ ಸ್ಟೇರಿಂಗ್ ಕೆಳಗಿನಿಂದ ಊದುಬತ್ತಿಯ ಹೊಗೆಯ ಹಾಗೆ ಒಂದು ಎಳೆ ಮೇಲಕ್ಕೆ ಬಂತು. ಹಿಂದಿನ ಸೀಟಿನಲ್ಲಿ ಮಗಳು ನಿದ್ದೆ ಮಾಡುತ್ತಿದ್ದಳು.

ಪಕ್ಕಕ್ಕೆ ಹಾಕಿ ಲೈಟ್ ಆಫ್ ಮಾಡಿದೆ. ಹೊಗೆ ನಿಂತಿತು. ನಮ್ಮ ಪುಣ್ಯ. ಹಜಾರ್ಡ್ ಲೈಟಿಗೆ ಬೇರೆ ಫ್ಯೂಸ್ ಇದ್ದದ್ದರಿಂದ ಅದು ಮಿನುಗುತ್ತಿತ್ತು. ಬ್ಯಾಟರಿಯ ನೆಗೆಟಿವ್ ಕಳಚಿಡಬೇಕು ಅನ್ನಿಸಿತು, ಆದರೆ ಸ್ಪ್ಯಾನರ್ ಇಲ್ಲ. ಕಳಚಿದರೆ ಹಜಾರ್ಡೂ ಹೋಗುತ್ತದೆ. ಹಿಂದೆ ಬಂದ ಲಾರಿಯವರು ನಿಲ್ಲಿಸಿ, ಸೊಪ್ಪಿನ ಕೊಂಬೆ ಮುರಿದು ಕಾರಿನ ಹಿಂದೆ ದೂರದವರೆಗೂ ಹಾಕಿದರು. ಆಮೇಲೆ 10 ಎಂಎಂ ಸ್ಪ್ಯಾನರ್ ತಂದು ಟರ್ಮಿನಲ್ ಬಿಚ್ಚಿದ್ದೂ ಅವರೇ. ಈಗ ಆ ಸ್ಪ್ಯಾನರ್ ನನ್ನ ಕಾರಿನಲ್ಲಿ ಸದಾ ಇರುತ್ತದೆ. ಒಂದು ಜೀಪು ಎಳೆದುಕೊಂಡು ಹೋಗಿ ಮಡಿಕೇರಿ ಮುಟ್ಟಿಸುವಾಗ ರಾತ್ರಿ ಹನ್ನೊಂದು.

ಬೆಳಿಗ್ಗೆ ಅಲ್ಲಿನ ವಯಸ್ಸಾದ ಎಲೆಕ್ಟ್ರಿಷಿಯನ್ ಒಬ್ಬರು ಡ್ಯಾಶ್‌ಬೋರ್ಡಿನ ಕೆಳಭಾಗ ಬಿಚ್ಚಿದರು. ಫ್ಯೂಸ್ ಕೂರುವ ಜಾಗ ಮೇಣದ ಹಾಗೆ ಇಳಿದಿತ್ತು. ಒಂದು ವೈರಿನ ಸಿಪ್ಪೆ ಕರಗಿ ಅಕ್ಕಪಕ್ಕದ ನಾಲ್ಕು ವೈರಿಗೆ ಅಂಟಿಕೊಂಡಿತ್ತು. ಲೈಟ್ ಸ್ವಿಚ್ಚೂ ಹೋಗಿತ್ತು. ಹಸಿರು ಫ್ಯೂಸ್ ಮಾತ್ರ ಹೊಸದರ ಹಾಗಿತ್ತು. ಅವರು ಅದನ್ನು ನನ್ನ ಅಂಗೈಗೆ ಹಾಕಿ, "ಯಾರು ಹಾಕಿದ್ದು ಇದು?" ಅಂತ ಕೇಳಿದರು. ಪೂರ್ತಿ ಶಾರ್ಟ್ ಆಗಿದ್ದರೆ 30ರದ್ದೂ ತಕ್ಷಣ ಹೋಗುತ್ತಿತ್ತಂತೆ. ಇದು ಅರ್ಧಂಬರ್ಧ ಶಾರ್ಟ್. 10ಕ್ಕಿಂತ ಜಾಸ್ತಿ, 30ಕ್ಕಿಂತ ಕಡಿಮೆ ಕರೆಂಟ್ ಹರಿಯುತ್ತಲೇ ಇತ್ತು.

ಮೂಲ ತಪ್ಪು ಹುಡುಕಿದ ರೀತಿ ನೋಡಬೇಕಿತ್ತು. ಸುಟ್ಟ ಭಾಗ ಕತ್ತರಿಸಿ ಹೊಸ ವೈರ್ ಕೊಟ್ಟರು. ಟೇಲ್ ಲೈಟಿನ ಬಲ್ಬೆಲ್ಲ ಕಳಚಿದರು. ಫ್ಯೂಸ್ ಜಾಗಕ್ಕೆ ಫ್ಯೂಸ್ ಹಾಕದೆ ಒಂದು 21 ವ್ಯಾಟ್ ಬಲ್ಬಿನ ಎರಡು ತುದಿ ಸಿಕ್ಕಿಸಿದರು. ಶಾರ್ಟ್ ಇದ್ದರೆ ಬಲ್ಬ್ ಜೋರಾಗಿ ಉರಿಯುತ್ತದೆ, ಆದರೆ ಎರಡು ಆಂಪಿಯರಿಗಿಂತ ಜಾಸ್ತಿ ಹರಿಯಲು ಬಿಡುವುದಿಲ್ಲ. ಹೀಗಾಗಿ ಎಷ್ಟು ಹೊತ್ತು ಹುಡುಕಿದರೂ ವೈರಿಗೆ ಅಪಾಯವಿಲ್ಲ. ಬಲ್ಬ್ ಉರಿಯುತ್ತಿತ್ತು. ನನಗೆ ಡಿಕ್ಕಿ ತೆಗೆಯಲು ಹೇಳಿದರು. ತೆಗೆದೆ, ಆರಿತು. ಮುಚ್ಚಿದೆ, ಉರಿಯಿತು.

ಡಿಕ್ಕಿಯ ಕೀಲಿನ ಹತ್ತಿರ ವೈರುಗಳು ಒಂದು ರಬ್ಬರ್ ಕೊಳವೆಯೊಳಗೆ ಹಾದು ಬರುತ್ತವೆ. ಕ್ಯಾಮೆರಾ ವೈರ್ ತೂರಿಸುವಾಗ ಆ ರಬ್ಬರನ್ನು ಬಾಡಿಯ ತೂತಿನಿಂದ ಕಿತ್ತವರು ಮತ್ತೆ ಕೂರಿಸಿರಲಿಲ್ಲ. ಆರು ತಿಂಗಳು ನಂಬರ್ ಪ್ಲೇಟ್ ಲೈಟಿನ ವೈರ್ ತಗಡಿನ ಅಂಚಿಗೆ ಉಜ್ಜಿ ಉಜ್ಜಿ, ಕೂದಲೆಳೆಯಂಥ ತಾಮ್ರ ಹೊರಗೆ ಕಾಣುತ್ತಿತ್ತು. ಎರಡು ಇಂಚು ವೈರ್ ಬದಲಿಸಿ ರಬ್ಬರ್ ಕೂರಿಸಿದ್ದರೆ ಮೈಸೂರಿನಲ್ಲೇ ಮುಗಿಯುತ್ತಿದ್ದ ಕೆಲಸ. ಸ್ವಿಚ್ಚು, ಫ್ಯೂಸ್ ಬಾಕ್ಸು, ವೈರಿಂಗ್, ಕೂಲಿ ಎಲ್ಲ ಸೇರಿ ನನಗೆ 18,600 ರೂಪಾಯಿ ಆಯಿತು.

ಸ್ಟೇರಿಂಗ್ ಕೆಳಗಿನ ಮುಚ್ಚಳ ಇವತ್ತೇ ತೆಗೆದು ನೋಡಿ. ಸಾಮಾನ್ಯವಾಗಿ ಮುಚ್ಚಳದ ಒಳಗಡೆ ಅಥವಾ ಮ್ಯಾನ್ಯುಯಲ್‌ನಲ್ಲಿ ಯಾವ ಜಾಗಕ್ಕೆ ಎಷ್ಟು ಆಂಪಿಯರ್ ಅಂತ ಇರುತ್ತದೆ. ಫೋನಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ಕೂತಿರುವ ಬಣ್ಣ ಪಟ್ಟಿಗೆ ಹೊಂದದಿದ್ದರೆ, ಅಥವಾ ಫ್ಯೂಸಿಗೆ ತಾಮ್ರದ ಎಳೆಯೋ ಸಿಗರೇಟಿನ ಬೆಳ್ಳಿ ಕಾಗದವೋ ಸುತ್ತಿದ್ದರೆ, ಯಾರೋ ಕೈ ಆಡಿಸಿದ್ದಾರೆ ಅಂತಲೇ. ಸೆಕೆಂಡ್ ಹ್ಯಾಂಡ್ ಕಾರು ತೆಗೆದುಕೊಂಡವರು ಇದನ್ನು ಖಂಡಿತ ನೋಡಿ. ಹೋದ ಫ್ಯೂಸಿಗೆ ಅದೇ ನಂಬರಿನದನ್ನು ಒಮ್ಮೆ ಹಾಕಿ ನೋಡುವುದು ಸರಿ. ಮತ್ತೆ ಹೋದರೆ ಮೂರನೆಯದು ಕೇಳಬೇಡಿ, ಯಾಕೆ ಹೋಯಿತು ಅಂತ ಕೇಳಿ. ಹೊಸದಾಗಿ ಏನಾದರೂ ಫಿಟ್ ಮಾಡಿಸಿದ್ದರೆ ಮೊದಲು ಆ ವೈರ್ ಹೋಗಿರುವ ದಾರಿ ನೋಡಿಸಿ.

ವಾಪಸ್ ಬಂದ ಮೇಲೆ ಆ ಅಂಗಡಿಗೆ ಹೋದೆ. ಜಗಳ ಮಾಡಬೇಕು ಅಂತಲೇ ಹೋಗಿದ್ದು. ಹಸಿರು ಫ್ಯೂಸನ್ನು ಕೌಂಟರ್ ಮೇಲಿಟ್ಟು, ಸುಟ್ಟ ವೈರಿನ ಫೋಟೋ ತೋರಿಸಿದೆ. ಹುಡುಗ ಫೋಟೋ ಪಕ್ಕಕ್ಕಿಟ್ಟು ಫ್ಯೂಸನ್ನು ಬೆಳಕಿಗೆ ಹಿಡಿದು ನೋಡಿದ. "ಹೋಗಿಲ್ವಲ್ಲ ಸಾರ್, ಚೆನ್ನಾಗೇ ಇದೆ" ಅಂದ.