ಬೋರ್ನಿಯೋ ಕಾಡಿನ ನದಿಯಲ್ಲಿ ‘ಹಡಗಿನ ಕ್ರೂಸ್’ ಅಂತ ಮಾರುತ್ತಿದ್ದಾರೆ, ದುಡ್ಡು ಕೊಡುವ ಮೊದಲು ಇದನ್ನು ಓದಿ

ಬೋರ್ನಿಯೋ ದ್ವೀಪದಲ್ಲಿರುವ ಮಲೇಷ್ಯಾದ ಸಬಾ ರಾಜ್ಯದಲ್ಲಿ ಕಿನಬತಾಂಗನ್ ಅಂತ ಒಂದು ನದಿ ಇದೆ. ಅದರಲ್ಲಿ ‘ಮಳೆಕಾಡಿನ ನಡುವೆ ಲಕ್ಷುರಿ ಹಡಗು, ಮೂರು ರಾತ್ರಿ ನದಿಯ ಮೇಲೇ ವಾಸ’ ಅಂತ ಬೆಂಗಳೂರಿನ ಒಬ್ಬ ಟೂರ್ ಏಜೆಂಟ್ ಪ್ಯಾಕೇಜ್ ಮಾರುತ್ತಿದ್ದಾನೆ. ಆ ಪ್ಯಾಕೇಜ್‌ನಲ್ಲಿ ಹಡಗು ಇಲ್ಲ. ಇನ್ನೊಂದು ಸಲ ಹೇಳುತ್ತೇನೆ, ಹಡಗೇ ಇಲ್ಲ. ಕ್ರಿಸ್‌ಮಸ್ ರಜೆಯಲ್ಲಿ ಅಪ್ಪ, ಅಮ್ಮ, ಮಗಳನ್ನು ಕರೆದುಕೊಂಡು ಹೋಗಿ ಇದನ್ನು ಕಣ್ಣಾರೆ ನೋಡಿ ಬಂದಿದ್ದೇನೆ. ಏಜೆನ್ಸಿಯ ಹೆಸರು ಇಲ್ಲಿ ಹಾಕುತ್ತಿಲ್ಲ. ದೂರು ಕೊಟ್ಟಿದ್ದೇನೆ, ಅದು ಮುಗಿಯುವ ತನಕ ಹೆಸರು ಬರೆಯಬೇಡಿ ಅಂತ ವಕೀಲರು ಹೇಳಿದ್ದಾರೆ. ಆದರೆ ಬೇಸಿಗೆ ರಜೆಯ ಬುಕಿಂಗ್ ಶುರುವಾಗಿದೆ. ಸುಮ್ಮನಿರೋಕೆ ಆಗಲ್ಲ.

ನನ್ನ ಅಪ್ಪ ತೀರ್ಥಹಳ್ಳಿ ಕಡೆಯವರು. ತುಂಗೆ ದಡದಲ್ಲಿ ಬೆಳೆದವರು. ನದಿ, ಕಾಡು ಅಂದರೆ ಪ್ರಾಣ. ‘ಒಂದು ಸಲ ದೊಡ್ಡ ಕಾಡಿನ ನದಿಯಲ್ಲಿ ದೋಣಿ ಮೇಲೇ ಮಲಗಿ ಬೆಳಗಿನ ಹಕ್ಕಿ ಕೂಗು ಕೇಳಬೇಕು’ ಅಂತ ಬಹಳ ವರ್ಷದಿಂದ ಹೇಳುತ್ತಿದ್ದರು. ಅದಕ್ಕೇ ಈ ಪ್ಯಾಕೇಜ್ ಕಣ್ಣಿಗೆ ಬಿತ್ತು. ಬ್ರೋಷರ್‌ನಲ್ಲಿ ಎರಡಂತಸ್ತಿನ ಬಿಳಿ ಹಡಗು. ಗಾಜಿನ ಗೋಡೆಯ ರೂಮು, ಹಾಸಿಗೆಯಲ್ಲಿ ಕೂತರೆ ಹೊರಗೆ ಕಾಡು. ಮೇಲೆ ಡೆಕ್‌ನಲ್ಲಿ ಊಟದ ಮೇಜು. ಕೆಳಗೆ ಒಂದು ಹಕ್ಕಿ, ಒಂದು ಸ್ಲಾತ್ (ಮರಕ್ಕೆ ನೇತಾಡಿಕೊಂಡಿರುವ ನಿಧಾನದ ಪ್ರಾಣಿ), ಒಂದು ಒರಾಂಗುಟಾನ್ (ಕೆಂಗೂದಲಿನ ದೊಡ್ಡ ವಾನರ). ವಿಮಾನ ಬಿಟ್ಟು ತಲೆಗೆ 85 ಸಾವಿರ ರೂಪಾಯಿ.

ಇದನ್ನು ಗಮನವಿಟ್ಟು ಓದಿ. ಆ ಹಕ್ಕಿ ಚಿತ್ರ ನೋಡಿ ಅಪ್ಪ ಆಗಲೇ ಕೇಳಿದ್ದರು, ‘ಇದು ನಮ್ಮ ದಾಂಡೇಲಿ ಮಂಗಟ್ಟೆ ತರ ಇಲ್ಲವಲ್ಲ, ಕೊಕ್ಕಿನ ಮೇಲೆ ಆ ಗುಬುಟೇ ಇಲ್ಲ’ ಅಂತ. ನಾನು ಏಜೆಂಟ್‌ಗೆ ಫೋನ್ ಮಾಡಿ ಕೇಳಿದೆ. ಅವನು ಒಂದು ಕ್ಷಣವೂ ತಡವರಿಸಲಿಲ್ಲ. ‘ಮೇಡಂ, ಅದು ಬೋರ್ನಿಯೋ ವೆರೈಟಿ. ಅಲ್ಲಿ ಎಂಟು ಜಾತಿ ಹಾರ್ನ್‌ಬಿಲ್ ಇವೆ’ ಅಂದ. ಹಾರ್ನ್‌ಬಿಲ್ ಅಂದರೆ ಮಂಗಟ್ಟೆಯೇ, ಎಂಟು ಜಾತಿ ಇರೋದು ನಿಜ. ಅದಕ್ಕೇ ಅವನ ಮಾತು ನಿಜ ಅನ್ನಿಸುತ್ತೆ. ‘ರಾತ್ರಿ ಹಡಗಲ್ಲೇ ಮಲಗೋದು ತಾನೇ?’ ಅಂತಲೂ ಕೇಳಿದೆ. ‘ಹಂಡ್ರೆಡ್ ಪರ್ಸೆಂಟ್ ಮೇಡಂ, ರಿವರ್ ಸ್ಟೇ’ ಅಂದ. ಅಮ್ಮನಿಗೆ ಮೊಣಕಾಲು ನೋವು, ಮೆಟ್ಟಿಲು ಹತ್ತಿ ಇಳಿಯೋಕೆ ಆಗಲ್ಲ ಅಂದಿದ್ದಕ್ಕೆ ‘ರೂಮಿಂದ ಡೆಕ್‌ಗೆ ನಾಲ್ಕು ಹೆಜ್ಜೆ’ ಅಂದ. ಪೂರ್ತಿ ವೆಜ್ ಊಟ, ಇಂಡಿಯನ್ ಅಡುಗೆಯವರು ಅಂದ. ಎಲ್ಲವನ್ನೂ ಕೇಳಿದ್ದೇವೆ. ಎಲ್ಲದಕ್ಕೂ ಹೌದು ಅಂದಿದ್ದಾನೆ.

ಕೌಲಾಲಂಪುರದಿಂದ ಸಂಡಾಕನ್‌ಗೆ ಇನ್ನೊಂದು ವಿಮಾನ. ಮೊದಲ ರಾತ್ರಿಯೇ ಸಂಡಾಕನ್ ಊರಿನ ಒಂದು ಸಾಧಾರಣ ಹೋಟೆಲ್‌ಗೆ ಹಾಕಿದರು. ಮೂರು ರಾತ್ರಿ ನದಿ ಮೇಲೆ ಅಂದವರು! ಫೋನ್ ಮಾಡಿದರೆ ‘ಅದು ಟ್ರಾನ್ಸಿಟ್ ನೈಟ್ ಮೇಡಂ’. ಮರುದಿನ ವ್ಯಾನ್‌ನಲ್ಲಿ ಸುಕಾವ್ ಅನ್ನೋ ಹಳ್ಳಿಗೆ ಎರಡು ಗಂಟೆಗೂ ಜಾಸ್ತಿ ದಾರಿ. ದಾರಿಯುದ್ದಕ್ಕೂ ಎಣ್ಣೆ ತಾಳೆ ತೋಟ. ಸಾಲು ಮುಗಿಯೋದೇ ಇಲ್ಲ. ‘ಕಾಡೆಲ್ಲಿ?’ ಅಂತ ಮಗಳು ಕೇಳಿ ಕೇಳಿ ಸುಮ್ಮನಾದಳು.

ಸುಕಾವ್‌ನಲ್ಲಿ ವ್ಯಾನ್ ನಿಂತಿತು. ಕೆಳಗೆ ಕಂದು ನೀರು. ದಡದಿಂದ ನೀರಿಗೆ ಕಡಿದಾದ ಮರದ ಮೆಟ್ಟಿಲು, ಮಳೆಗೆ ನೆನೆದು ಪಾಚಿ ಹಿಡಿದಿತ್ತು. ಬುಡದಲ್ಲಿ ಒಂದು ಫೈಬರ್ ದೋಣಿ. ಮೇಲೆ ಚಾವಣಿ ಇಲ್ಲ. ಎರಡು ಸಾಲು ಪ್ಲಾಸ್ಟಿಕ್ ಕುರ್ಚಿ, ಒಂದೊಂದರ ಮೇಲೂ ಒಂದು ಕಿತ್ತಳೆ ಬಣ್ಣದ ಲೈಫ್ ಜಾಕೆಟ್, ಹಿಂದೆ ಮೋಟಾರು. ಕಬಿನಿಯಲ್ಲಿ ಬೋಟ್ ಸಫಾರಿ ಮಾಡಿದವರಿಗೆ ಗೊತ್ತಾಗುತ್ತೆ, ಅದಕ್ಕಿಂತ ಚಿಕ್ಕದು. ಆಚೆ ದಡಕ್ಕೆ ದಾಟಿಸುವ ದೋಣಿ ಇರಬೇಕು ಅಂದುಕೊಂಡೆವು. ಅಪ್ಪ ಬ್ಯಾಗ್ ಹಿಡಿದುಕೊಂಡು ‘ಹಡಗು ಎಷ್ಟೊತ್ತಿಗೆ ಬರುತ್ತೆ ಕೇಳಮ್ಮ’ ಅಂದರು.

ಕೇಳಿದೆ. ಗೈಡ್‌ಗೆ ಅರ್ಥವಾಗಲಿಲ್ಲ. ‘ಬೋಟ್ ಸಾಯಂಕಾಲ ನಾಲ್ಕಕ್ಕೆ’ ಅಂದ. ‘ಇದಲ್ಲ, ನಾವು ಮಲಗುವ ಹಡಗು’ ಅಂದೆ. ಅವನು ದಡದ ಮೇಲಿದ್ದ ಲಾಡ್ಜ್ ತೋರಿಸಿದ. ನಾನು ಫೋನ್ ತೆಗೆದು ಬ್ರೋಷರ್ ತೋರಿಸಿದೆ. ಅವನು ಎರಡು ಬೆರಳಲ್ಲಿ ಚಿತ್ರ ದೊಡ್ಡದು ಮಾಡಿ ನೋಡಿದ. ದೋಣಿಯವನನ್ನು ಕರೆದು ಅವನಿಗೂ ತೋರಿಸಿದ. ಇಬ್ಬರೂ ಏನೋ ಮಾತಾಡಿಕೊಂಡರು. ಆಮೇಲೆ ತುಂಬಾ ಮೆತ್ತಗೆ ಹೇಳಿದ. ಮೇಡಂ, ಇದು ಅಮೆಜಾನ್ ಹಡಗು. ಈ ಹಕ್ಕಿ ಟೂಕನ್, ದಕ್ಷಿಣ ಅಮೆರಿಕದ್ದು. ಈ ಸ್ಲಾತ್ ಕೂಡ ಆ ಕಡೆಯದೇ, ನಮ್ಮಲ್ಲಿ ಇಲ್ಲ. ಒರಾಂಗುಟಾನ್ ಮಾತ್ರ ನಮ್ಮದು.

ಯಾರೂ ನಗಲಿಲ್ಲ. ಅದೇ ಹೆಚ್ಚು ಚುಚ್ಚಿತು. ಪಕ್ಕದಲ್ಲಿ ಬೇರೆ ದೇಶದ ಗಂಡ ಹೆಂಡತಿ ಕಾಯುತ್ತಿದ್ದರು, ಅವರು ಮುಖ ಆ ಕಡೆ ತಿರುಗಿಸಿಕೊಂಡರು. ನನಗೆ ಮುಖವೆಲ್ಲ ಬಿಸಿಯಾಯಿತು. ಅಪ್ಪ ‘ಪರವಾಗಿಲ್ಲ ಬಿಡು’ ಅಂದರು. ಆ ‘ಪರವಾಗಿಲ್ಲ’ ನನಗೆ ಇವತ್ತಿಗೂ ನುಂಗೋಕೆ ಆಗುತ್ತಿಲ್ಲ. ಅಪ್ಪ ಅಷ್ಟು ವರ್ಷ ಕಾದಿದ್ದರಲ್ಲ.

ಆಮೇಲೆ ಗೈಡ್ ವಿವರವಾಗಿ ಹೇಳಿದ. ಅಮೆಜಾನ್‌ನಲ್ಲಿ, ಪೆರುವಿನ ಇಕಿಟೋಸ್ ಕಡೆ, ನದಿ ಅಷ್ಟು ಅಗಲ ಇರೋದರಿಂದ ರೂಮಿರುವ ಹಡಗು ಓಡುತ್ತೆ, ಜನ ಅದರಲ್ಲೇ ಮಲಗುತ್ತಾರೆ. ಕಿನಬತಾಂಗನ್ ಹಾಗಲ್ಲ. ಸಬಾದಲ್ಲೇ ಉದ್ದದ ನದಿ, 560 ಕಿಲೋಮೀಟರ್. ಆದರೆ ಪ್ರಾಣಿ ಚೆನ್ನಾಗಿ ಕಾಣೋದು ಮೆನಂಗುಲ್ ಥರದ ಸಣ್ಣ ಉಪನದಿಗಳಲ್ಲಿ. ಎರಡೂ ಕಡೆಯಿಂದ ಕೊಂಬೆ ಬಾಗಿರುತ್ತೆ. ಅಲ್ಲಿಗೆ ಎರಡಂತಸ್ತಿನ ಹಡಗು ನುಗ್ಗೋದಾದರೂ ಹೇಗೆ? ಅದಕ್ಕೇ ಇಲ್ಲಿಗೆ ಬರುವವರೆಲ್ಲ ಸಾಮಾನ್ಯವಾಗಿ ದಡದ ಲಾಡ್ಜ್‌ನಲ್ಲಿ ಇದ್ದು, ಬೆಳಗ್ಗೆ ಆರಕ್ಕೆ, ಸಂಜೆ ನಾಲ್ಕಕ್ಕೆ ಸಣ್ಣ ದೋಣಿಯಲ್ಲಿ ಹೋಗಿ ಬರುತ್ತಾರೆ. ಅದೇ ಇಲ್ಲಿನ ಕ್ರೂಸ್. ಅದು ಚೆನ್ನಾಗಿಯೇ ಇದೆ. ಅದನ್ನೇ ಹೇಳಿ ಮಾರಿದ್ದರೆ ನಾವು ಅದನ್ನೇ ಖುಷಿಯಿಂದ ತಗೊಳ್ಳುತ್ತಿದ್ದೆವು.

ಈಗ ಅವನ ಉತ್ತರಗಳು. ಒಂದೂ ಬಿಡದೆ ಉಳಿಸಿಕೊಂಡಿದ್ದೇನೆ.

ದಡದಿಂದಲೇ ಫೋನ್ ಮಾಡಿದೆ, ಎತ್ತಲಿಲ್ಲ. ಮೆಸೇಜ್‌ಗೆ ಮೊದಲ ಉತ್ತರ: ‘ಇಮೇಜ್ ಫಾರ್ ರೆಪ್ರೆಸೆಂಟೇಶನ್ ಪರ್ಪಸ್ ಓನ್ಲಿ.’ ಹಡಗು ಎಲ್ಲಿ ಅಂತ ಮತ್ತೆ ಕೇಳಿದೆ. ‘ಕ್ರೂಸ್ ಅಂದ್ರೆ ಬೋಟಲ್ಲಿ ಹೋಗೋದೇ ಅಲ್ವಾ ಮೇಡಂ.’ ನದಿ ಮೇಲೆ ಮಲಗೋದು ಅಂದಿದ್ದಿರಲ್ಲ? ‘ಲಾಡ್ಜ್ ನದಿ ಪಕ್ಕದಲ್ಲೇ ಇದೆ, ರಿವರ್ ಸ್ಟೇ ಅಂದ್ರೆ ಅದೇ.’ ಟೂಕನ್ ಚಿತ್ರ ಕಳಿಸಿದೆ. ಅದಕ್ಕೆ ಉತ್ತರವೇ ಇಲ್ಲ, ಕೈ ಮುಗಿಯುವ ಎಮೋಜಿ. ನನ್ನ ಅಪ್ಪನಿಗೆ ಬಾಯಿಬಿಟ್ಟು ಸುಳ್ಳು ಹೇಳಿ, ಈಗ ಕೈ ಮುಗಿಯುವ ಎಮೋಜಿ!

ರಾತ್ರಿ ಒಂದು ವಾಯ್ಸ್ ಮೆಸೇಜ್ ಬಂತು. ಸ್ವರದಲ್ಲಿ ಒಂದು ಚೂರು ನಾಚಿಕೆ ಇಲ್ಲ. ‘ಮೇಡಂ, ನೀವು ಎಂಜಾಯ್ ಮಾಡಿ. ಇಷ್ಟು ದೂರ ಬಂದು ಚಿಕ್ಕ ಚಿಕ್ಕದಕ್ಕೆಲ್ಲ ಟೆನ್ಷನ್ ತಗೋಬೇಡಿ. ಬೇರೆ ಫ್ಯಾಮಿಲಿಗಳು ಯಾರೂ ಕಂಪ್ಲೇಂಟ್ ಮಾಡಿಲ್ಲ.’ ಚಿಕ್ಕದಂತೆ! ತಲೆಗೆ 85 ಸಾವಿರ ಚಿಕ್ಕದು!

ಲಾಡ್ಜ್ ಮ್ಯಾನೇಜರ್ ಪಾಪ ಒಳ್ಳೆಯವರು. ಬುಕಿಂಗ್ ಪೇಪರ್ ತೋರಿಸಿದರು. ಸಂಡಾಕನ್‌ನ ಒಂದು ಕಂಪನಿಯ ಮೂಲಕ ಬಂದಿರೋದು ಎಲ್ಲರಿಗೂ ಸಿಗುವ ಮಾಮೂಲಿ ಮೂರು ಹಗಲು ಎರಡು ರಾತ್ರಿಯ ಪ್ಯಾಕೇಜ್. ಅಮ್ಮನ ಮೊಣಕಾಲಿನ ವಿಷಯ ಅದರಲ್ಲಿ ಇಲ್ಲ. ವೆಜ್ ಅಂತಲೂ ಇಲ್ಲ. ಗೋಡೆ ಮೇಲೆ ರೇಟ್ ಹಾಕಿದ್ದರು. ನಾವು ಕೊಟ್ಟಿದ್ದರ ಕಾಲು ಭಾಗವೂ ಇಲ್ಲ. ಹೇಳದೆ ಕೇಳದೆ ಬಂದವರಿಗೆ ಆ ಅಡುಗೆಯವರು ಏನು ಮಾಡಿಯಾರು? ಆ ರಾತ್ರಿ ಅಮ್ಮ ತಿಂದಿದ್ದು ಅನ್ನ, ಸೌತೆಕಾಯಿ, ಬಾಳೆಹಣ್ಣು. ಮರುದಿನ ಅವರೇ ಸೊಪ್ಪು, ತೋಫು ಮಾಡಿಕೊಟ್ಟರು. ದೋಣಿ ಹತ್ತೋಕೆ ಅಮ್ಮನನ್ನು ಇಬ್ಬರು ಹುಡುಗರು ಕುರ್ಚಿಯಲ್ಲಿ ಕೂರಿಸಿ ಇಳಿಸಿದರು. ಒಂದೇ ಸಲ. ಆಮೇಲೆ ಅಮ್ಮ ‘ನಾನು ಇಲ್ಲೇ ಇರ್ತೀನಿ, ನೀವು ಹೋಗಿ’ ಅಂದುಬಿಟ್ಟರು.

ಇನ್ನೊಂದು ಮೋಸ, ಸೀಸನ್. ‘ಡಿಸೆಂಬರ್ ಬೆಸ್ಟ್ ಟೈಮ್’ ಅಂದಿದ್ದ. ಅಲ್ಲಿ ಆಗ ಈಶಾನ್ಯ ಮಳೆಗಾಲ. ಡಿಸೆಂಬರ್, ಜನವರಿಯಲ್ಲೇ ಮಳೆ ಜೋರು, ನದಿ ಉಕ್ಕುತ್ತೆ. ಒಂದು ಬೆಳಗಿನ ದೋಣಿ ರದ್ದಾಯಿತು, ನೀರಲ್ಲಿ ದೊಡ್ಡ ದೊಡ್ಡ ಮರದ ದಿಮ್ಮಿ ತೇಲಿ ಬರುತ್ತಿತ್ತು. ಏಪ್ರಿಲ್‌ನಿಂದ ಅಕ್ಟೋಬರ್ ಒಳಗೆ ಬನ್ನಿ ಅಂದ ಗೈಡ್. ನಮ್ಮ ಏಜೆಂಟ್‌ಗೆ ಅದು ಗೊತ್ತಿರಲಿಲ್ಲವಾ? ಗೊತ್ತಿತ್ತು. ಶಾಲೆಗೆ ರಜೆ ಯಾವಾಗ ಅಂತಲೂ ಗೊತ್ತಿತ್ತು.

ಒರಾಂಗುಟಾನ್ ಗ್ಯಾರಂಟಿ ಅಂದಿದ್ದ. ಕಾಡುಪ್ರಾಣಿಗೆ ಗ್ಯಾರಂಟಿ ಕೊಡೋಕೆ ಯಾರಿಂದಲೂ ಆಗಲ್ಲ. ನದಿಯಲ್ಲಿ ನಮಗೆ ಕಾಣಲಿಲ್ಲ. ವಾಪಸ್ ಬರುವಾಗ ಸೆಪಿಲೊಕ್‌ನಲ್ಲಿ ಕಂಡೆವು. ಅದು 1964ರಿಂದ ಇರುವ ಪುನರ್ವಸತಿ ಕೇಂದ್ರ. ತಾಯಿ ಕಳೆದುಕೊಂಡ ಮರಿಗಳನ್ನು ಸಾಕಿ ಕಾಡಿಗೆ ಬಿಡುತ್ತಾರೆ, ಊಟ ಕೊಡುವ ಹೊತ್ತಿಗೆ ಜನ ನಿಂತು ನೋಡುತ್ತಾರೆ. ಒಳ್ಳೆಯ ಜಾಗ. ಆದರೆ ಏಜೆಂಟ್ ಹೇಳಿದ್ದು ನೋಡಿ: ‘ಗ್ಯಾರಂಟಿ ಕೊಟ್ಟಂಗೆ ತೋರಿಸಿದ್ವಲ್ಲ ಮೇಡಂ.’

ಕಾಡಿನ ಮೇಲೆ ನನಗೆ ಸಿಟ್ಟಿಲ್ಲ, ಅದನ್ನೂ ಹೇಳಬೇಕು. ಮಳೆ ಬಿಟ್ಟ ಒಂದು ಸಂಜೆ ಮೆನಂಗುಲ್ ಒಳಗೆ ಹೋದೆವು. ಮೋಟಾರು ನಿಲ್ಲಿಸಿದರು. ಉದ್ದ ಮೂಗಿನ ಪ್ರೊಬೋಸಿಸ್ ಕೋತಿಗಳು ರಾತ್ರಿ ಮಲಗೋಕೆ ನದಿ ಪಕ್ಕದ ಮರಕ್ಕೇ ಬರುತ್ತವಂತೆ, ಅದಕ್ಕೇ ಸಂಜೆ ದೋಣಿ. ಬೋರ್ನಿಯೋ ಬಿಟ್ಟರೆ ಎಲ್ಲೂ ಇಲ್ಲ. ಒಂದು ದೊಡ್ಡ ಗಂಡು ನಮ್ಮ ತಲೆ ಮೇಲಿನ ಕೊಂಬೆಯಲ್ಲಿ ಕೂತು ಎಲೆ ಕಿತ್ತು ಬಾಯಿಗೆ ಹಾಕಿಕೊಳ್ಳುತ್ತಿತ್ತು. ಮೂಗು ಬಾಯಿಗೆ ಅಡ್ಡ ಬರುತ್ತಿತ್ತು. ಅಪ್ಪ ಪ್ಲಾಸ್ಟಿಕ್ ರೇನ್‌ಕೋಟ್‌ನಲ್ಲಿ ಅಲ್ಲಾಡದೆ ಕೂತು ನೋಡಿದರು. ನದಿಯ ಎರಡೂ ಬದಿ ಉಳಿದಿರುವ ಈ ಕಾಡಿನ ತುಂಡುಗಳನ್ನು 2005ರಲ್ಲಿ ಅಭಯಾರಣ್ಯ ಮಾಡಿದ್ದಾರೆ, ಸುಮಾರು 26 ಸಾವಿರ ಹೆಕ್ಟೇರ್. ಹಿಂದೆಯೇ ತಾಳೆ ತೋಟ. ಪ್ರಾಣಿಗಳಿಗೆ ಉಳಿದಿರೋದೇ ಇಷ್ಟು. ಇಂಥ ಜಾಗವನ್ನು ಬೇರೆ ಖಂಡದ ಚಿತ್ರ ಅಂಟಿಸಿ ಮಾರುತ್ತಾರಲ್ಲ, ಅದು ನಮಗಷ್ಟೇ ಅಲ್ಲ, ಆ ಊರಿನವರಿಗೂ ಅವಮಾನ. ಹಡಗು ಎಲ್ಲಿ ಅಂತ ಕೂಗಾಡುವ ಗಿರಾಕಿಯನ್ನು ಎದುರಿಸೋರು ಅವರು.

ಊರಿಗೆ ಬಂದ ಮೇಲೆ ರಸೀದಿ ತೆಗೆದು ಕೂತೆ. ‘ವೀಸಾ ಪ್ರೊಸೆಸಿಂಗ್’ ಅಂತ ತಲೆಗೆ 4 ಸಾವಿರ ಹಾಕಿದ್ದಾನೆ. 2023ರ ಡಿಸೆಂಬರ್ 1ರಿಂದ ಭಾರತೀಯರಿಗೆ ಮಲೇಷ್ಯಾದಲ್ಲಿ 30 ದಿನದವರೆಗೆ ವೀಸಾನೇ ಬೇಡ! ಹೋಗುವ ಮೊದಲು ಆನ್‌ಲೈನ್‌ನಲ್ಲಿ ಡಿಜಿಟಲ್ ಅರೈವಲ್ ಕಾರ್ಡ್ ತುಂಬಬೇಕು, ಅದು ಪುಕ್ಕಟೆ. ಅದನ್ನೂ ನಾನೇ ತುಂಬಿದ್ದು. ಟಿಸಿಎಸ್ (ವಿದೇಶ ಪ್ಯಾಕೇಜ್ ಮಾರುವಾಗಲೇ ಹಿಡಿಯುವ ಆದಾಯ ತೆರಿಗೆ) ಅಂತ ಹಿಡಿದ ದುಡ್ಡು ನನ್ನ ಪ್ಯಾನ್ ಹೆಸರಿನ ತೆರಿಗೆ ಲೆಕ್ಕದ ಪಟ್ಟಿ 26ಎಎಸ್‌ನಲ್ಲಿ ಕಾಣುತ್ತಲೇ ಇಲ್ಲ. ಕೇಳಿದರೆ ‘ಅಕೌಂಟ್ಸ್‌ನವರು ರಜೆಯಲ್ಲಿದ್ದಾರೆ’. ಈಗಲೂ ರಜೆಯಲ್ಲೇ ಇದ್ದಾರೆ.

ರಿವ್ಯೂ ಹಾಕಿದ ದಿನ ಮಾತ್ರ ಅವನೇ ಫೋನ್ ಮಾಡಿದ. ಅಷ್ಟು ದಿನ ಸಿಗದವನು! ‘ತೆಗೆದುಬಿಡಿ ಮೇಡಂ, ಮುಂದಿನ ಟ್ರಿಪ್‌ಗೆ 5 ಸಾವಿರ ಡಿಸ್ಕೌಂಟ್ ಕೊಡ್ತೀನಿ’ ಅಂದ. ಮುಂದಿನ ಟ್ರಿಪ್ಪಂತೆ. ಆಗಲ್ಲ ಅಂದೆ. ‘ಹಾಗಾದ್ರೆ ಕೋರ್ಟಿಗೆ ಹೋಗಿ, ರಸೀದಿಯಲ್ಲಿ ಬೆಂಗಳೂರು ಜ್ಯೂರಿಸ್ಡಿಕ್ಷನ್ ಅಂತ ಇದೆ, ಶಿವಮೊಗ್ಗದಿಂದ ಓಡಾಡಿ’ ಅಂದ. ಇದಕ್ಕೆ ಯಾರೂ ಹೆದರಬೇಡಿ. 2019ರ ಗ್ರಾಹಕ ರಕ್ಷಣಾ ಕಾಯ್ದೆ ಪ್ರಕಾರ ನಾವು ಇರುವ ಊರಿನ ಜಿಲ್ಲಾ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ನಾನು ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿದೆ, ಆಮೇಲೆ ಶಿವಮೊಗ್ಗದಲ್ಲೇ ಕೊಟ್ಟೆ.

‘ನೋಡಿಕೊಂಡು ಮಾಡಬೇಕಿತ್ತು’ ಅಂತ ನೆಂಟರು ಹೇಳುತ್ತಿದ್ದಾರೆ. ನೋಡಿದ್ದೆವು, ಕೇಳಿದ್ದೆವು. ಕೇಳಿದ್ದಕ್ಕೆಲ್ಲ ಸುಳ್ಳು ಹೇಳಿದವನದ್ದು ತಪ್ಪು. ಹಾಗಾಗಿ ನೀವು ಕೇಳಿದ ಮೇಲೆ ಉತ್ತರವನ್ನು ಬರಹದಲ್ಲಿ ತಗೊಳ್ಳಿ. ಹಡಗಿನ ಹೆಸರು ಏನು, ಇಲ್ಲದಿದ್ದರೆ ಲಾಡ್ಜ್ ಹೆಸರು ಏನು, ಯಾವ ರಾತ್ರಿ ಎಲ್ಲಿ ಮಲಗ್ತೀವಿ, ದೋಣಿ ಎಷ್ಟು ಸಲ. ಹೆಸರು ಕೊಟ್ಟರೆ ಲಾಡ್ಜ್‌ಗೆ ನೇರ ಮೇಲ್ ಹಾಕಿ, ಒಂದೇ ದಿನದಲ್ಲಿ ನಿಜ ಗೊತ್ತಾಗುತ್ತೆ. ‘ಬುಕಿಂಗ್ ಆದ ಮೇಲೆ ಹೆಸರು ಕೊಡ್ತೀವಿ’ ಅಂದರೆ ಎದ್ದು ಬನ್ನಿ. ಮಲೇಷ್ಯಾದ ಕಂಪನಿಗಳಿಗೆ ಅಲ್ಲಿನ ಪ್ರವಾಸೋದ್ಯಮ ಸಚಿವಾಲಯದ ಲೈಸೆನ್ಸ್ ಇರಬೇಕು, ಆ ನಂಬರ್ ಕೇಳಿ. ದುಡ್ಡು ಯಾರದ್ದೋ ಸ್ವಂತ ಯುಪಿಐಗೆ ಹಾಕಬೇಡಿ.

ಎರಡಂತಸ್ತಿನ ಬಿಳಿ ಹಡಗು, ಕೆಳಗೆ ಟೂಕನ್, ಮೇಲೆ ಬೋರ್ನಿಯೋ ಅಂತ ಬರೆದ ಪೋಸ್ಟರ್ ನಿಮ್ಮ ಗ್ರೂಪ್‌ಗೆ ಬಂದರೆ ದಯವಿಟ್ಟು ಫಾರ್ವರ್ಡ್ ಮಾಡಬೇಡಿ. ತಾರೀಖು ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆದು ನನಗೆ ಕಳಿಸಿ. ಇದೇ ಪ್ಯಾಕೇಜ್‌ನಲ್ಲಿ ಹೋಗಿ ಬಂದವರು ಇದ್ದರೆ ನಿಮ್ಮ ರಸೀದಿಯನ್ನೂ ಕಳಿಸಿ, ಒಟ್ಟಿಗೇ ದೂರಿಗೆ ಸೇರಿಸೋಣ.