ರೂಗರ್ ಅಮೆರಿಕನ್ನಾ, ಸ್ಯಾವೇಜ್ ಆಕ್ಸಿಸ್ಸಾ?

ಅಮೆರಿಕದಲ್ಲಿ ಜಿಂಕೆ ಬೇಟೆಗೆ ಕಡಿಮೆ ದುಡ್ಡಿನ ಬೋಲ್ಟ್ ಆ್ಯಕ್ಷನ್ ರೈಫಲ್ (ಪ್ರತಿ ಗುಂಡಿಗೂ ಬೋಲ್ಟಿನ ಹಿಡಿಯನ್ನು ಕೈಯಿಂದ ಎತ್ತಿ ಎಳೆಯುವ ಬಂದೂಕು) ಹುಡುಕುವವರು ಈ ಎರಡರ ನಡುವೆ ಸಿಕ್ಕಿಬೀಳುತ್ತಾರೆ. ಆಕ್ಸಿಸ್ ಸಾಮಾನ್ಯವಾಗಿ ಇನ್ನೂ ಅಗ್ಗ. ಆದರೆ ಬೋಲ್ಟ್ ಎತ್ತಿ ನೋಡಿ. ಆಕ್ಸಿಸ್‌ನದು 90 ಡಿಗ್ರಿ ಮೇಲೇಳಬೇಕು, ರೂಗರ್‌ನದು 70ಕ್ಕೇ ಮುಗಿಯುತ್ತದೆ. ದಪ್ಪ ಸ್ಕೋಪ್ (ಗುರಿ ನೋಡುವ ದುರ್ಬೀನು) ಕೂರಿಸಿ, ಚಳಿಗೆ ಗ್ಲೌಸ್ ಹಾಕಿಕೊಂಡಾಗ ಆ 20 ಡಿಗ್ರಿಯ ಬೆಲೆ ಗೊತ್ತಾಗುತ್ತದೆ: ಬೆರಳಿನ ಗೆಣ್ಣು ಸ್ಕೋಪಿಗೆ ಬಡಿಯುವುದು ಕಡಿಮೆ.

ರೂಗರ್‌ನ ಟ್ರಿಗರ್ ಬಿಗಿಯನ್ನು 3ರಿಂದ 5 ಪೌಂಡ್‌ವರೆಗೆ ನಾವೇ ಹೊಂದಿಸಿಕೊಳ್ಳಬಹುದು. ಹಳೆಯ ಸಾದಾ ಆಕ್ಸಿಸ್‌ನದು ಗಟ್ಟಿ. ಅಕ್ಯುಟ್ರಿಗರ್ (ಬಿಗಿ ಹೊಂದಿಸಿಕೊಳ್ಳಬಹುದಾದ ಸ್ಯಾವೇಜ್‌ನ ಟ್ರಿಗರ್) ಇರುವ ಆಕ್ಸಿಸ್ 2 ತೆಗೆದುಕೊಂಡರೆ ಆ ತಕರಾರಿಲ್ಲ. ಆದರೆ ಆಗ ಉಳಿತಾಯವೂ ಕರಗುತ್ತದೆ, ಅಲ್ವಾ?

ಪ್ಲಾಸ್ಟಿಕ್ ಸ್ಟಾಕ್ (ನಳಿಕೆಯನ್ನು ಕೂರಿಸುವ, ಭುಜಕ್ಕೆ ಆನಿಸುವ ಭಾಗ) ಎರಡರಲ್ಲೂ ಸುಮಾರು. ಮುಂಭಾಗ ಒತ್ತಿದರೆ ಬಾಗುತ್ತದೆ. ನಾನಾದರೆ ರೂಗರ್ ಕೊಳ್ಳುತ್ತೇನೆ. ಕೈ ಬಿಗಿಯಿದ್ದರೆ ಆಕ್ಸಿಸ್ ತಗೊಂಡು, ಉಳಿದದ್ದನ್ನು ಒಳ್ಳೆಯ ಸ್ಕೋಪಿಗೆ ಹಾಕಿ.