ಫ್ಲ್ಯಾಶ್‌ಗೊಂದು ಹೊರಗಿನ ಬ್ಯಾಟರಿ ಪ್ಯಾಕ್: ನಾಲ್ಕು ವರ್ಷದ ಬಳಕೆಯ ಮೇಲೆ

ಈ ಪೆಟ್ಟಿಗೆ ನನ್ನ ಸೊಂಟ ಹತ್ತಿ ನಾಲ್ಕು ವರ್ಷ ದಾಟಿದೆ. ಕೊಂಡ ವಾರವೇ ವಿಮರ್ಶೆ ಬರೆದಿದ್ದರೆ ಕಣ್ಣು ಮುಚ್ಚಿ ಐದು ನಕ್ಷತ್ರ ಕೊಡುತ್ತಿದ್ದೆ. ಎರಡನೆಯ ವರ್ಷದ ನಡುವೆ ಬರೆದಿದ್ದರೆ ಎರಡು ಕೊಡುವುದಕ್ಕೂ ಕೈ ಬರುತ್ತಿರಲಿಲ್ಲ. ಈಗ ಮೋಹವೂ ಇಳಿದಿದೆ, ಸಿಟ್ಟೂ ಇಳಿದಿದೆ. ಮೂರೂವರೆ ಎನ್ನುತ್ತೇನೆ.

ತಯಾರಕರ ಹೆಸರು ಬರೆಯುವುದಿಲ್ಲ. ಸುಮಾರು 50 ವಾಟ್-ಅವರ್‌ನ ಲಿಥಿಯಂ ಪ್ಯಾಕ್, ಎರಡು ಸಾಕೆಟ್, ಬೆಲ್ಟಿಗೆ ಸಿಕ್ಕಿಸಲು ಒಂದು ಪ್ಲಾಸ್ಟಿಕ್ ಕೊಕ್ಕೆ. ಇದೇ ಮೈಕಟ್ಟಿನ ಪ್ಯಾಕ್‌ಗಳು ಹಲವು ಹೆಸರುಗಳಲ್ಲಿ ಸಿಗುತ್ತವೆ. ಹಾಗಾಗಿ ಹೆಸರಿಗಿಂತ ಜಾತಿಯ ಬಗ್ಗೆ ಬರೆಯುವುದೇ ಓದುವವರಿಗೆ ಹೆಚ್ಚು ಉಪಯೋಗ.

ನನ್ನ ಕೆಲಸ ಸಮಾರಂಭಗಳ ಚಿತ್ರ ತೆಗೆಯುವುದು. ಫ್ಲ್ಯಾಶ್ ಕ್ಯಾನನ್‌ನ 580ಇಎಕ್ಸ್ 2. ಹಳೆಯ ಮಾದರಿಯಾದರೂ ಬೆಳಕಿನ ವಿಷಯದಲ್ಲಿ ಇಂದಿಗೂ ಕೊರತೆಯಿಲ್ಲ. ಒಳಗೆ ನಾಲ್ಕು ಎಎ ಸೆಲ್‌ಗಳು. ಪ್ಯಾಕ್ ಹುಡುಕುವ ಬಹಳಷ್ಟು ಜನ ಸೆಲ್ ಬೇಗ ಮುಗಿಯುತ್ತದೆ ಎಂಬ ಕಾರಣಕ್ಕೆ ಹುಡುಕುತ್ತಾರೆ. ನನಗೆ ಅದೊಂದು ತೊಂದರೆಯೇ ಆಗಿರಲಿಲ್ಲ. ಮುಗಿದರೆ ಜೇಬಿನಿಂದ ಇನ್ನು ನಾಲ್ಕು ತೆಗೆದು ಹಾಕಲು ಅರ್ಧ ನಿಮಿಷ ಸಾಕು. ನನ್ನನ್ನು ಸತಾಯಿಸಿದ್ದು ಒಂದು ಹೊಡೆತಕ್ಕೂ ಮುಂದಿನದಕ್ಕೂ ನಡುವಿನ ಕಾಯುವಿಕೆ. ವೇದಿಕೆಯ ಮೇಲೆ ನರ್ತಕಿ ಜಿಗಿಯುತ್ತಾಳೆ, ಹೊಡೆಯುತ್ತೇನೆ; ಇಳಿದ ಕೂಡಲೇ ತಿರುಗಿ ನಗುತ್ತಾಳೆ, ಆ ನಗು ಬೇಕು, ಆದರೆ ಫ್ಲ್ಯಾಶ್‌ನ ಬೆನ್ನಿನ ದೀಪ ಇನ್ನೂ ಕೆಂಪಾಗಿಲ್ಲ. ಈ ಫ್ಲ್ಯಾಶ್‌ನಲ್ಲಿ ಪೂರ್ತಿ ತುಂಬಿದಾಗ ದೀಪ ಕೆಂಪು, ಅದಕ್ಕೂ ಮುನ್ನ ಹಸಿರು. ಹಸಿರಿನಲ್ಲೂ ಹೊಡೆಯಬಹುದು, ಆದರೆ ಸಿಗುವುದು ಅರ್ಧಂಬರ್ಧ ಬೆಳಕು. ಆ ವರ್ಷಗಳ ನನ್ನ ಕಡತಗಳನ್ನು ತೆರೆದರೆ ಒಳ್ಳೆಯ ಚಿತ್ರದ ಪಕ್ಕದಲ್ಲೇ ಒಂದು ಮಂಕು ಚಿತ್ರ, ಅದರ ಪಕ್ಕ ಇನ್ನೊಂದು. ಬೇಕಾಗಿದ್ದ ನಗು ಎಷ್ಟೋ ಸಲ ಆ ಮಂಕಿನಲ್ಲೇ ಇದೆ.

ಇಲ್ಲೊಂದು ಲೆಕ್ಕ ಹೇಳಿಬಿಡುತ್ತೇನೆ, ಮುಂದಿನದೆಲ್ಲ ಇದರ ಮೇಲೆ ನಿಂತಿದೆ. ಫ್ಲ್ಯಾಶ್‌ನ ಬೆಳಕು ಬ್ಯಾಟರಿಯಿಂದ ನೇರವಾಗಿ ಬರುವುದಿಲ್ಲ. ವಿದ್ಯುತ್ತನ್ನು ಕೂಡಿಡುವ ಕೆಪಾಸಿಟರ್ ಎಂಬ ಬಿಡಿಭಾಗದಲ್ಲಿ 300 ವೋಲ್ಟ್‌ನ ಆಸುಪಾಸಿನಲ್ಲಿ ತುಂಬಿಟ್ಟದ್ದು ಜೆನಾನ್ ಕೊಳವೆಯೊಳಗೆ ಒಮ್ಮೆಲೇ ನುಗ್ಗಿದಾಗ ಬರುತ್ತದೆ. 1,400 ಮೈಕ್ರೋಫ್ಯಾರಡ್‌ನ ಕೆಪಾಸಿಟರ್ 330 ವೋಲ್ಟ್‌ವರೆಗೆ ತುಂಬಿದೆ ಎಂದುಕೊಳ್ಳಿ. ಅದರಲ್ಲಿರುವುದು ಸುಮಾರು 76 ಜೌಲ್. ಅಷ್ಟನ್ನು ಒಂದೇ ಸೆಕೆಂಡಿನಲ್ಲಿ ಮತ್ತೆ ತುಂಬಬೇಕಾದರೆ, ನಷ್ಟವನ್ನೆಲ್ಲ ಪಕ್ಕಕ್ಕಿಟ್ಟರೂ, ಒಟ್ಟು 4.8 ವೋಲ್ಟ್ ಕೊಡುವ ನಾಲ್ಕು ರೀಚಾರ್ಜ್ ಸೆಲ್‌ಗಳಿಂದ 16 ಆಂಪಿಯರ್ ಹರಿಯಬೇಕು. ಅದು ಸೆಲ್‌ನಿಂದಲೂ ಆಗದು, ಅದನ್ನು ಒತ್ತಿಹಿಡಿದಿರುವ ಸ್ಪ್ರಿಂಗಿನಿಂದಲೂ ಆಗದು, ವೋಲ್ಟೇಜ್ ಏರಿಸುವ ಒಳಗಿನ ಸರ್ಕ್ಯೂಟಿನಿಂದಲೂ ಆಗದು. ಆದ್ದರಿಂದಲೇ ಒಳ್ಳೆಯ ನಿಕಲ್-ಮೆಟಲ್ ಹೈಡ್ರೈಡ್ ಸೆಲ್ ಹಾಕಿದರೂ ಪೂರ್ಣ ಶಕ್ತಿಯ ಹೊಡೆತದ ನಂತರ ಎರಡೂವರೆ–ಮೂರು ಸೆಕೆಂಡು ಕಾಯಬೇಕು. ಆಲ್ಕಲೈನ್ ಆದರೆ ನಾಲ್ಕೈದು, ಸೆಲ್ ಸೊರಗಿದಂತೆ ಇನ್ನೂ ಹೆಚ್ಚು.

ಹೊರಗಿನ ಹೈ-ವೋಲ್ಟೇಜ್ ಪ್ಯಾಕ್ ಈ ಇಕ್ಕಟ್ಟಿನ ಬಾಗಿಲನ್ನೇ ಬಿಟ್ಟು ಪಕ್ಕದ ಬಾಗಿಲಿನಿಂದ ಒಳಗೆ ಬರುತ್ತದೆ. ವೋಲ್ಟೇಜ್ ಏರಿಸುವ ಕೆಲಸವನ್ನು ತನ್ನ ಹೊಟ್ಟೆಯಲ್ಲೇ ಮುಗಿಸಿಕೊಂಡು, ಫ್ಲ್ಯಾಶ್‌ನ ಪಕ್ಕೆಯಲ್ಲಿರುವ ಪ್ರತ್ಯೇಕ ಸಾಕೆಟ್ ಮೂಲಕ ಕೆಪಾಸಿಟರನ್ನು ತುಂಬುತ್ತದೆ. ಬೆಳಕು ಒಂದಿಷ್ಟೂ ಹೆಚ್ಚುವುದಿಲ್ಲ. ಸಿಗುವುದು ಸಮಯ ಮಾತ್ರ. ನನ್ನ ಗಡಿಯಾರದ ಲೆಕ್ಕದಲ್ಲಿ ಪೂರ್ಣ ಶಕ್ತಿಗೆ ಒಂದು ಸೆಕೆಂಡಿಗಿಂತ ಸ್ವಲ್ಪ ಹೆಚ್ಚು. ಕಾಲು ಶಕ್ತಿಯಲ್ಲಿ ಕಾಯುವುದೆಂಬ ಮಾತೇ ಇಲ್ಲ.

ಇದನ್ನು ಕೊಳ್ಳುವ ಮೊದಲು ನಾನು ಸುತ್ತಿದ ದಾರಿಗಳೂ ಇವೆ. ಕ್ಯಾಮೆರಾ ಕಂಪನಿಗಳೇ ಎಎ ಸೆಲ್ ಹಾಕುವ ಪ್ಯಾಕ್ ಮಾಡಿವೆ: ಕ್ಯಾನನ್‌ನ ಸಿಪಿ-ಇ4 ಮತ್ತು ನಿಕಾನ್‌ನ ಎಸ್‌ಡಿ-9 ಎಂಟು ಸೆಲ್ ಹಿಡಿಯುತ್ತವೆ, ಸೋನಿಯ ಎಫ್‌ಎ-ಇಬಿ1ಎಎಂ ಆರು. ಒಂದನ್ನು ಎರವಲು ತಂದು ಒಂದು ಋತುವಿಡೀ ಬಳಸಿದೆ. ವಿನ್ಯಾಸ ಅಚ್ಚುಕಟ್ಟು, ಹಗುರ. ಆದರೆ ಒಳಗೆ ನಾಲ್ಕು, ಹೊರಗೆ ಎಂಟು, ಬದಲಿ ಹನ್ನೆರಡು ಎಂದು ಎಣಿಸುತ್ತಾ ಹೋದರೆ ಒಂದೊಂದು ಫ್ಲ್ಯಾಶ್‌ಗೂ ಒಂದು ಕೋಳಿಫಾರಂ ಸಾಕಿದಂತಾಗುತ್ತದೆ. ಹಿಂದಿನ ರಾತ್ರಿ ಅಷ್ಟನ್ನೂ ಚಾರ್ಜ್ ಮಾಡಬೇಕು. ಸಾಲದ್ದಕ್ಕೆ ಒಂದರ ಹಿಂದೊಂದು ಸರಣಿಯಲ್ಲಿ ಕೂರುವ ಸೆಲ್‌ಗಳಲ್ಲಿ ಒಂದು ದುರ್ಬಲವಾದರೂ ಉಳಿದವುಗಳ ಓಟ ಅದರ ನಡಿಗೆಗೆ ಇಳಿಯುತ್ತದೆ. ಯಾವುದು ಆ ಒಂದು ಎಂದು ಪತ್ತೆಹಚ್ಚುವುದು ಬೇರೆ ಕೆಲಸ. ತಿಂಗಳಿಗೆ ಒಂದೆರಡು ಕಾರ್ಯಕ್ರಮ ಮಾಡುವವರಿಗೆ, ಎನೆಲೂಪ್‌ನಂತಹ, ಸುಮ್ಮನಿಟ್ಟರೆ ಚಾರ್ಜ್ ನಿಧಾನವಾಗಿ ಇಳಿಯುವ ಸೆಲ್‌ಗಳು ಈಗಾಗಲೇ ಮನೆಯಲ್ಲಿದ್ದರೆ, ಈ ಬಗೆಯೇ ಸಾಕು ಎಂದು ಈಗಲೂ ಹೇಳುತ್ತೇನೆ.

ಹಿರಿಯ ಛಾಯಾಗ್ರಾಹಕರೊಬ್ಬರು ತಮ್ಮ ಲೆಡ್-ಆ್ಯಸಿಡ್ ಪ್ಯಾಕನ್ನು ತೋರಿಸಿ, "ಇದರ ಮುಂದೆ ನಿಮ್ಮ ಲಿಥಿಯಂ ಎಲ್ಲ ಆಟಿಕೆ ಕಣಪ್ಪ" ಎಂದರು. ಎತ್ತಿ ನೋಡಿದೆ, ಇಟ್ಟಿಗೆ. ಅದನ್ನು ಖಾಲಿಯಾಗಿ ಇಡುವಂತಿಲ್ಲ, ಇಟ್ಟರೆ ತಟ್ಟೆಗಳಲ್ಲಿ ಸಲ್ಫೇಟ್ ಗಟ್ಟಿಯಾಗಿ ಸಾಯುತ್ತದೆ. ನನ್ನಂಥ ಮರೆಗುಳಿಗೆ ಒಗ್ಗುವ ವಸ್ತುವಲ್ಲ.

ಇನ್ನೊಂದು ಬಗೆ ಸೆಲ್‌ನ ಜಾಗದಲ್ಲಿ ಡಮ್ಮಿ ಸೆಲ್ ಕೂರಿಸಿ ಹೊರಗಿನ ಕಡಿಮೆ ವೋಲ್ಟ್ ಬ್ಯಾಟರಿಗೆ ತಂತಿ ಎಳೆಯುವುದು. ಹೊಡೆತಗಳ ಸಂಖ್ಯೆ ಹೆಚ್ಚುತ್ತದೆ. ಕಾಯುವುದು ಅಷ್ಟಾಗಿ ತಪ್ಪುವುದಿಲ್ಲ, ಏಕೆಂದರೆ ವಿದ್ಯುತ್ತು ಮತ್ತೆ ಅದೇ ಇಕ್ಕಟ್ಟಿನ ಬಾಗಿಲಿನಿಂದಲೇ ಹೋಗಬೇಕು. ಮೊಬೈಲಿನ ಪವರ್ ಬ್ಯಾಂಕ್ ಸಿಕ್ಕಿಸಬಹುದೇ ಎಂದು ಕೇಳುವವರಿಗೆ: ಅದರ 5 ವೋಲ್ಟ್‌ಗೂ ಆ ಪಕ್ಕೆಯ ಸಾಕೆಟ್‌ಗೂ ಯಾವ ನಂಟೂ ಇಲ್ಲ. ತಂತಿ ಕತ್ತರಿಸಿ ಬೆಸೆಯುವ ಸಾಹಸವಂತೂ ಬೇಡ. ಈ ಕೇಬಲ್‌ನಲ್ಲಿ ಹರಿಯುವುದು ಆಟದ ವಿದ್ಯುತ್ತಲ್ಲ, ಜೀವ ತೆಗೆಯುವಷ್ಟಿದೆ.

ಆಯ್ಕೆಯಲ್ಲಿ ನಾನು ಮಾಡಿದ ತಪ್ಪೆಂದರೆ ಪೆಟ್ಟಿಗೆಯ ಮೇಲೆ ಬರೆದ ಹೊಡೆತಗಳ ಸಂಖ್ಯೆ ನೋಡಿ ಮನಸೋತದ್ದು. ಆ ಸಂಖ್ಯೆಯನ್ನು ನಾಲ್ಕು ವರ್ಷದಲ್ಲಿ ಒಂದು ದಿನವೂ ಮುಟ್ಟುವ ಅಗತ್ಯ ಬರಲಿಲ್ಲ. ನೋಡಬೇಕಾಗಿದ್ದದ್ದು ಕೇಬಲ್. ಕ್ಯಾನನ್, ನಿಕಾನ್, ಸೋನಿ ಮೂರರ ಸಾಕೆಟ್‌ಗಳೂ ಬೇರೆ ಬೇರೆ, ಒಂದರ ಕೇಬಲ್ ಇನ್ನೊಂದಕ್ಕೆ ಕೂರುವುದಿಲ್ಲ. ಒಳ್ಳೆಯ ಪ್ಯಾಕ್‌ಗಳಲ್ಲಿ ಎರಡೂ ತುದಿ ಕಳಚುವ ಕೇಬಲ್ ಇರುತ್ತದೆ; ನಾಳೆ ಫ್ಲ್ಯಾಶ್ ಬದಲಿಸಿದರೆ ಕೇಬಲ್ ಮಾತ್ರ ಬದಲಿಸಿದರಾಯಿತು. ಅಷ್ಟರ ಮಟ್ಟಿಗೆ ನನ್ನದು ಸರಿಯಾಗಿಯೇ ಇತ್ತು. ಬದಲಿ ಕೇಬಲ್ ಬಿಡಿಯಾಗಿ ಸಿಗುತ್ತದೆಯೇ ಎಂದು ಮಾತ್ರ ಕೇಳಿರಲಿಲ್ಲ.

ಹದಿನೆಂಟನೆಯ ತಿಂಗಳಿನಲ್ಲಿ ಅದರ ಫಲ ಸಿಕ್ಕಿತು. ಸುರುಳಿ ಕೇಬಲ್‌ನ ಕುತ್ತಿಗೆ, ಅಂದರೆ ಪ್ಲಗ್ಗಿನ ಬುಡದಲ್ಲಿ, ಒಳಗಿನ ಎಳೆ ತುಂಡಾಗತೊಡಗಿತು. ಪೂರ್ತಿ ತುಂಡಾಗಿದ್ದರೆ ಗೊತ್ತಾಗುತ್ತಿತ್ತು. ಇದು ಕ್ಯಾಮೆರಾ ಅಡ್ಡ ಹಿಡಿದರೆ ಸರಿ, ಉದ್ದ ಹಿಡಿದರೆ ಇಲ್ಲ. ಎರಡು ಕಾರ್ಯಕ್ರಮಗಳವರೆಗೂ ಫ್ಲ್ಯಾಶ್ ಕೆಟ್ಟಿದೆ ಎಂದೇ ನಂಬಿ ಅದನ್ನು ಬೈಯುತ್ತಿದ್ದೆ. ಮಾರಿದವರನ್ನು ಕೇಳಿದರೆ ಕೇಬಲ್ ಬಿಡಿಯಾಗಿ ಇಲ್ಲ, ಹೊಸ ಪ್ಯಾಕ್ ತೆಗೆದುಕೊಳ್ಳಿ ಎಂಬ ಉತ್ತರ. ಆ ಎರಡು ನಕ್ಷತ್ರದ ಕಾಲ ಅದೇ. ಕೊನೆಗೆ ಬೇರೊಬ್ಬ ತಯಾರಕರ ಹೊಂದುವ ಕೇಬಲ್ ಸಿಕ್ಕಿತು. ಅದೂ ಒಂದೂವರೆ ವರ್ಷ ಬಾಳಿ ಅದೇ ಜಾಗದಲ್ಲಿ ಹೋಯಿತು. ಈಗ ಮೂರನೆಯದು ನಡೆಯುತ್ತಿದೆ, ನಾಲ್ಕನೆಯದು ಚೀಲದಲ್ಲಿದೆ. ಪ್ಲಗ್ಗಿನ ಬಳಿ ಒಂದು ಸಡಿಲ ಸುತ್ತು ಬಿಟ್ಟು ಕ್ಯಾಮೆರಾ ಪಟ್ಟಿಗೆ ಕಟ್ಟಿದ್ದೇನೆ. ಎಳೆತ ಕುತ್ತಿಗೆಗೆ ತಾಕುವುದಿಲ್ಲ. ಕಳಚುವಾಗ ಮೊದಲು ಪ್ಯಾಕ್ ಆಫ್, ಆಮೇಲೆ ಪ್ಲಗ್. ಈ ಕ್ರಮವನ್ನು ಅವಸರದಲ್ಲೂ ಮೀರಬಾರದು. ಮೂರೂವರೆಗೆ ಇಳಿದದ್ದರಲ್ಲಿ ಒಂದು ಪೂರ್ತಿ ನಕ್ಷತ್ರ ಈ ಕುತ್ತಿಗೆಯದು.

ಬಿಸಿಯ ವಿಷಯದಲ್ಲಿ ತಪ್ಪು ನನ್ನದೇ. ಸೆಲ್‌ಗಳ ನಿಧಾನ ಒಂದು ರೀತಿಯ ಕಡಿವಾಣ. ಕೊಳವೆ ತಣಿಯಲು ಅದೇ ಸಮಯ ಕೊಡುತ್ತದೆ. ಪ್ಯಾಕ್ ಬಂದೊಡನೆ ಕಡಿವಾಣ ಕಳಚಿತು. ಎತ್ತರದ ಚಾವಣಿಗೆ ಬೆಳಕು ಹೊಡೆದು ಗುಂಪು ಚಿತ್ರಗಳ ಸಾಲೊಂದನ್ನು ಮುಗಿಸುತ್ತಿದ್ದೆ. ಪೂರ್ಣ ಶಕ್ತಿ, ಮೇಲೆ ಬೆಳಕು ಹರಡುವ ಪ್ಲಾಸ್ಟಿಕ್ ಮುಚ್ಚಳ, ಡಿಫ್ಯೂಸರ್ ಬೇರೆ. ಕೈಪಿಡಿಯಲ್ಲಿ ಸತತ 20 ಹೊಡೆತದ ನಂತರ 10 ನಿಮಿಷ ಬಿಡುವು ಕೊಡಿ ಎಂದಿದೆ. ನಾನು ನಲವತ್ತರ ಮೇಲೆ ಹೋಗಿದ್ದೆ. ಸುಟ್ಟ ಪ್ಲಾಸ್ಟಿಕ್ ವಾಸನೆ ಬಂದಾಗ ಯಾರದೋ ವಿದ್ಯುತ್ ದೀಪ ಎಂದುಕೊಂಡೆ. ಮನೆಗೆ ಬಂದು ನೋಡಿದರೆ ಫ್ಲ್ಯಾಶ್‌ನ ಮುಂದಿನ ಕಿಟಕಿ ಕಂದು ತಿರುಗಿ ಒಂದು ಕಡೆ ಉಬ್ಬಿದೆ. ಆ ಕಲೆ ಇಂದಿಗೂ ಇದೆ, ಬೆಳಕು ತುಸು ಹಳದಿ. ಕೆಲವು ಫ್ಲ್ಯಾಶ್‌ಗಳು ತಮ್ಮನ್ನು ತಾವೇ ಕಾಯ್ದುಕೊಳ್ಳುತ್ತವೆ: ನಿಕಾನ್‌ನ ಎಸ್‌ಬಿ-900 ಬಿಸಿ ಮೀರಿದರೆ ನಿಂತುಬಿಡುತ್ತದೆ, ನಂತರ ಬಂದ ಎಸ್‌ಬಿ-910 ನಿಲ್ಲುವ ಬದಲು ತುಂಬುವ ವೇಗವನ್ನು ತಗ್ಗಿಸುತ್ತದೆ. ನಿಮ್ಮದು ಏನು ಮಾಡುತ್ತದೆ ಎಂಬುದನ್ನು ಪ್ಯಾಕ್ ಕೊಳ್ಳುವ ಮುನ್ನ ಓದಿಕೊಳ್ಳಿ.

ಅಂದಿನಿಂದ ಐಎಸ್‌ಒ, ಅಂದರೆ ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ, ಒಂದು ಹೆಜ್ಜೆ ಏರಿಸಿ ಅರ್ಧ ಶಕ್ತಿಯಲ್ಲಿ ಹೊಡೆಯುತ್ತೇನೆ. ಒಂದು ಹೊಡೆತದ ಬಿಸಿ ಅರ್ಧ, ತುಂಬುವ ಸಮಯವೂ ಹೆಚ್ಚುಕಡಿಮೆ ಅರ್ಧ. ಹೀಗೆ ಮಾಡುವುದಾದರೆ ಪ್ಯಾಕ್ ಯಾಕೆ ಬೇಕಿತ್ತು ಎಂದು ಹೆಂಡತಿ ಕೇಳಿದ್ದಾಳೆ. ಒಳ್ಳೆಯ ಪ್ರಶ್ನೆ. ಹಲವರಿಗೆ ನಿಜವಾಗಿಯೂ ಬೇಕಿಲ್ಲ. ಹೊಸ ಸೆಲ್ ಮತ್ತು ಐಎಸ್‌ಒ ಎರಡರಲ್ಲೇ ಅವರ ತೊಂದರೆ ತೀರುತ್ತದೆ. ನನಗೆ ಉಳಿದ ಆ ಒಂದೂವರೆ ಸೆಕೆಂಡೂ ಬೇಕಿತ್ತು.

ಪ್ಯಾಕ್ ಸಿಕ್ಕಿಸಿದರೂ ಒಳಗಿನ ನಾಲ್ಕು ಸೆಲ್ ಇರಲೇಬೇಕು, ಫ್ಲ್ಯಾಶ್‌ನ ಪರದೆ ಮತ್ತು ನಿಯಂತ್ರಣ ಅವುಗಳ ಮೇಲೇ ನಡೆಯುತ್ತವೆ. ಇದನ್ನು ಮರೆತು ತುಂಬಿದ ಪ್ಯಾಕ್ ಕಟ್ಟಿಕೊಂಡು ಸತ್ತ ಫ್ಲ್ಯಾಶ್ ಹಿಡಿದು ನಿಂತ ದಿನವೂ ಒಂದಿದೆ. 580ಇಎಕ್ಸ್ 2ರಲ್ಲಿ ಕಸ್ಟಮ್ ಫಂಕ್ಷನ್ 12 ಎಂಬ ಹೊಂದಿಕೆಯಿದೆ: 0 ಇಟ್ಟರೆ ಒಳಗಿನ ಸೆಲ್ ಮತ್ತು ಪ್ಯಾಕ್ ಎರಡೂ ಸೇರಿ ತುಂಬುತ್ತವೆ, 1 ಇಟ್ಟರೆ ಪ್ಯಾಕ್ ಮಾತ್ರ. ನಾನು 1ರಲ್ಲೇ ಇಟ್ಟಿದ್ದೇನೆ. ಒಳಗಿನ ಸೆಲ್‌ಗಳು ಈಗ ವಾರಗಟ್ಟಲೆ ಬರುತ್ತವೆ.

ಬ್ಯಾಟರಿಯ ಆರೋಗ್ಯಕ್ಕೆ ದೂರಿಲ್ಲ. ಹೊಸದಿದ್ದಾಗಿನ ಮುಕ್ಕಾಲು ಭಾಗ ಉಳಿದಿದೆ ಎಂದು ನನ್ನ ಅಂದಾಜು. ನಾಲ್ಕು ದೀಪಗಳ ಸೂಚಕದಲ್ಲಿ ಮೊದಲ ಮೂರು ನಿಧಾನವಾಗಿ ಆರುತ್ತವೆ, ಕೊನೆಯದು ಮಾತ್ರ ಬೇಗ. ಎರಡು ಉಳಿದಾಗಲೇ ಎಚ್ಚರವಾಗುವುದು ಒಳಿತು. ಕೆಲಸವಿಲ್ಲದ ತಿಂಗಳುಗಳಲ್ಲಿ ಅರ್ಧ ತುಂಬಿಸಿ ತಂಪಾದ ಕಡೆ ಇಡುತ್ತೇನೆ. ವಿಮಾನದಲ್ಲಿ ಕೈಚೀಲದಲ್ಲೇ ಒಯ್ಯಬೇಕು. ಬಿಡಿ ಲಿಥಿಯಂ ಬ್ಯಾಟರಿಗೆ ಸಾಮಾನ್ಯವಾಗಿ ಅನುಮತಿಯಿಲ್ಲದೆ ಒಯ್ಯಬಹುದಾದ ಮಿತಿ 100 ವಾಟ್-ಅವರ್, ಇದು ಅದರ ಅರ್ಧ. ಮೈಮೇಲೆ ಆ ಅಂಕಿ ಅಚ್ಚಾಗಿರುವ ಪ್ಯಾಕನ್ನೇ ಕೊಳ್ಳಿ, ತಪಾಸಣೆಯಲ್ಲಿ ವಾದ ತಪ್ಪುತ್ತದೆ.

ಇಂದು ಹೊಸದಾಗಿ ಫ್ಲ್ಯಾಶ್ ಕೊಳ್ಳುವವರಾದರೆ ನನ್ನ ಸಲಹೆ ಬೇರೆ. ಗೋಡಾಕ್ಸ್‌ನ ವಿ1 ಮತ್ತು ವಿ860-3ರಂಥವು ಒಳಗೇ 7.2 ವೋಲ್ಟ್‌ನ ಲಿಥಿಯಂ ಬ್ಯಾಟರಿ ಇಟ್ಟುಕೊಂಡು ಬರುತ್ತವೆ. ತಯಾರಕರ ಲೆಕ್ಕದಲ್ಲಿ ಪೂರ್ಣ ಶಕ್ತಿಗೆ ಸುಮಾರು ಒಂದೂವರೆ ಸೆಕೆಂಡು, ಒಂದು ಚಾರ್ಜ್‌ಗೆ 480 ಹೊಡೆತ. ಅಂಥದ್ದೊಂದು ಮತ್ತು ಬದಲಿ ಬ್ಯಾಟರಿ ಇದ್ದರೆ ಸೊಂಟಕ್ಕೆ ಪೆಟ್ಟಿಗೆಯೂ ಬೇಡ, ಕೇಬಲ್ಲೂ ಬೇಡ. ಹೊರಗಿನ ಪ್ಯಾಕ್ ಈಗ ನನ್ನಂತೆ ಹಳೆಯ ಒಳ್ಳೆಯ ಫ್ಲ್ಯಾಶನ್ನು ಬಿಟ್ಟುಕೊಡಲಾರದವರ ವಸ್ತು.

ನನ್ನದು ಈಗೀಗ ಹೆಚ್ಚಾಗಿ ಸೊಂಟ ಬಿಟ್ಟು ಸ್ಟ್ಯಾಂಡಿಗೆ ಇಳಿದಿದೆ. ಬೆಳಕನ್ನು ಮೃದುಗೊಳಿಸುವ ಸಾಫ್ಟ್‌ಬಾಕ್ಸ್‌ನೊಳಗಿನ ಎರಡು ಫ್ಲ್ಯಾಶ್‌ಗಳಿಗೆ ಎರಡು ಸಾಕೆಟ್‌ನಿಂದಲೂ ಕೇಬಲ್ ಹೋಗುತ್ತದೆ. ಹೊರೆ ಹಂಚಿಕೆಯಾಗಿ ಯಾವುದೂ ಬಿಸಿಯಾಗುವುದಿಲ್ಲ, ಕೇಬಲ್ ಅಲುಗಾಡದ ಕಾರಣ ಕುತ್ತಿಗೆಯೂ ಮುರಿಯುತ್ತಿಲ್ಲ. ಬುಡಕ್ಕೆ ನೇತುಹಾಕಿದರೆ ಗಾಳಿಗೆ ಸ್ಟ್ಯಾಂಡ್ ಬೀಳದಂತೆ ಭಾರವೂ ಆಯಿತು. ನೇತುಹಾಕಿರುವುದು ಒಂದು ತುಂಡು ಹಗ್ಗದಲ್ಲಿ, ಏಕೆಂದರೆ ಆ ಪ್ಲಾಸ್ಟಿಕ್ ಕೊಕ್ಕೆ ಮೂರನೆಯ ತಿಂಗಳಲ್ಲೇ ಮುರಿದಿತ್ತು. ಉಳಿದ ಅರ್ಧ ನಕ್ಷತ್ರ ಅದಕ್ಕೆ.